ಹಳೇ ಮಹೀಂದ್ರಾ ಎಂಎಂ 540 ಜೀಪಿಗೆ ಪುಲ್ಲಿಂಗ್ (ಎಳೆಯೋ ಶಕ್ತಿ) ಬರಬೇಕು, ಹೊಗೆ ಟೆಸ್ಟೂ ಪಾಸಾಗಬೇಕು: ಮಾಡಿಸಿದವರು ಹೇಳಿ

ಹಳೇಜೀಪ್ ಬೀದರ್:
ನಮ್ಮದು 1994ರ ಎಂಎಂ 540, ಕಂಪನಿಯಿಂದಲೇ ಬಂದ ಎಕ್ಸ್‌ಡಿಪಿ ಅನ್ನೋ ಡೀಸೆಲ್ ಎಂಜಿನ್. ಹೊಲಕ್ಕೂ ಅದೇ, ರಜೆ ಬಂದರೆ ಚಂದ್ರಂಪಳ್ಳಿ ಕಡೆ ತಿರುಗೋದಕ್ಕೂ ಅದೇ. ನಾಲ್ಕು ಜನ ಕೂತರೆ ದಿಬ್ಬ ಹತ್ತಲ್ಲ, ಕರಿ ಹೊಗೆ ಬೇರೆ. ಎಮಿಷನ್ ಟೆಸ್ಟ್ ಫೇಲ್. ಆರ್‌ಸಿ ರಿನ್ಯೂವಲ್ ಹತ್ತಿರ ಬಂದಿದೆ. ಎಂಜಿನ್‌ಗೆ ಜಾಸ್ತಿ ಗಾಳಿ ತುಂಬೋ ಟರ್ಬೊ ಹಾಕಿಸಲಾ, ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂರಿಸಲಾ, ಇದ್ದದ್ದನ್ನೇ ರಿಪೇರಿ ಮಾಡಿಸಲಾ? ಒಂದು ಲಕ್ಷದ ತನಕ ಹಾಕಬಲ್ಲೆ.

ಆಳಂದ ಡಿಐ:
ಡಿಐ ಹಾಕಿಸಿ, ಮುಗೀತು. ನಾನು ಹಾಕಿಸಿದ್ದೇನೆ, ಯಾರು ಏನೇ ಅಂದರೂ ನನಗೆ ಖುಷಿ ಇದೆ. ಎಕ್ಸ್‌ಡಿಪಿ 2112 ಸಿಸಿ, ಇದು 2523 ಸಿಸಿ, ನೇರ ಇಂಜೆಕ್ಷನ್. ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತದೆ. ಬೆಳಿಗ್ಗೆ ಹೀಟರ್ ಪ್ಲಗ್ ಕಾಯೋ ಗೋಳೂ ಇಲ್ಲ. ಖರ್ಚು ಕೇಳಿ. ಡೀಸೆಲ್ ಪಂಪ್ ಸಮೇತ ಹಳೇ ಎಂಜಿನ್ 62,000. ಅದನ್ನು ಬಿಚ್ಚಿ ನೋಡಿದರೆ ಲೈನರ್ ಸವೆದಿತ್ತು, ಕೊಟ್ಟವನು ‘ಓಡ್ತಾ ಇದ್ದ ಎಂಜಿನ್ ಸಾಹೇಬ್ರೆ’ ಅಂದಿದ್ದ, ಹೌದು ಓಡ್ತಾ ಇತ್ತು, ಆಯಿಲ್ ಕುಡಿದುಕೊಂಡು. ಪೂರ್ತಿ ಓವರ್‌ಹಾಲ್‌ಗೆ 38,000. ಮೌಂಟಿಂಗ್ ಕಟ್ ಮಾಡಿ ವೆಲ್ಡಿಂಗ್ 7,500. ಕ್ಲಚ್ ಸೆಟ್ 9,200. ರೇಡಿಯೇಟರ್ ಹೊಸ ಕೋರ್ 11,000. ಅಲ್ಲಿಗೆ 1,27,700. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಬೆಲ್ ಹೌಸಿಂಗ್ ಹೊಂದಲಿಲ್ಲ, ಅದನ್ನು ಸೋಲಾಪುರದಿಂದ ತರಿಸಿದ್ದು ಬೇರೆ ಲೆಕ್ಕ, ಹೇಳಿದರೆ ಮನೆಯವರು ಓದುತ್ತಾರೆ. ಹೊಗೆ ಟೆಸ್ಟ್‌ನಲ್ಲಿ ಕೆ ವ್ಯಾಲ್ಯೂ, ಅಂದರೆ ಹೊಗೆಯ ದಪ್ಪದ ಅಳತೆ, 1.4 ಬಂತು. ನಿಮ್ಮಂಥ ಹಳೇ ಗಾಡಿಗೆ 2.45ರ ತನಕ ಬಿಡುತ್ತಾರೆ.

ಸೇಡಂ ಪಂಪ್‌ಪ್ರಿಯ:
ಡಿಐ ಹಾಕಿದ ಮೇಲೆ ಅದು ಜೀಪ್ ಅಲ್ಲ ಸ್ವಾಮಿ, ಮೂರನೇ ಗೇರ್‌ನಲ್ಲಿ ನಡುಗೋ ರಭಸಕ್ಕೆ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ. ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯ್ತು. ನನ್ನದೂ ಎಕ್ಸ್‌ಡಿಪಿಯೇ. ನಾನು ಮೊದಲು ಬಿಚ್ಚಿದ್ದು ಆಯಿಲ್ ಬಾತ್ ಏರ್ ಫಿಲ್ಟರ್. ತಳದಲ್ಲಿ ಒಂದು ಬೆರಳಿನಷ್ಟು ಗಟ್ಟಿ ಕೆಸರು, ಮೇಲಿನ ತಂತಿ ಜಾಲರಿಗೆ ತೊಗರಿ ಹೊಟ್ಟು ಅಂಟಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ. ರಾಶಿ ಸೀಸನ್‌ನಲ್ಲಿ ಹೊಲದಲ್ಲಿ ನಿಂತ ಗಾಡಿ, ಮೇಲೆ ಸಿಮೆಂಟ್ ಫ್ಯಾಕ್ಟರಿ ಧೂಳು, ಇನ್ನೇನಾಗಬೇಕು? ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಆಯಿಲ್ ಹಾಕಿದ್ದಕ್ಕೇ ಗಾಡಿ ಉಸಿರಾಡಿತು. ಆಮೇಲೆ ಡೀಸೆಲ್ ಸಿಂಪಡಿಸೋ ನಾಲ್ಕು ನಾಝಲ್, ಒಂದಕ್ಕೆ 1,450, ಒಟ್ಟು 5,800. ಡೀಸೆಲ್ ಪಂಪ್ ಅಳತೆ ಸರಿ ಮಾಡೋ ಕ್ಯಾಲಿಬ್ರೇಷನ್ 6,500. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಸಂದು), ಟೈಮಿಂಗ್ ನೋಡಿದ್ದಕ್ಕೆ 1,200. 13,500ರಲ್ಲಿ ಮುಗಿಯಿತು ರೀ. ಕೆ 3.1 ಇದ್ದದ್ದು 1.9ಕ್ಕೆ ಇಳಿಯಿತು. ಪಂಪ್ ಅಂಗಡಿಯವರು ‘ಸ್ವಲ್ಪ ಡೀಸೆಲ್ ಜಾಸ್ತಿ ಕೊಡೋಣ, ಪಿಕಪ್ ಬರ್ತದೆ’ ಅನ್ನುತ್ತಾರೆ. ಬೇಡ ಅಂತ ಎದುರಿಗೇ ನಿಂತು ಹೇಳಿ. ಪಿಕಪ್ ಬರುತ್ತದೆ, ಹೊಗೆಯೂ ಬರುತ್ತದೆ. ಟೆಸ್ಟ್‌ಗೆ ಹೋಗುವಾಗ ಎಂಜಿನ್ ಚೆನ್ನಾಗಿ ಬಿಸಿ ಇರಲಿ. ಅಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಬಿಡೋ ಟೆಸ್ಟ್, ತಣ್ಣಗಿರುವ ಎಂಜಿನ್ ಕರಿದನ್ನೇ ಉಗುಳುತ್ತದೆ.

ಆಳಂದ ಡಿಐ:
13,500ಕ್ಕೆ ಹೊಗೆ ಹೋಯಿತು, ಸರಿ. ಪುಲ್ಲಿಂಗ್ ಎಲ್ಲಿಂದ ಬಂತು? ಹೊಸದಿದ್ದಾಗಲೂ ಅದಕ್ಕೆ ಇದ್ದದ್ದೇ ಅರವತ್ತು ಚಿಲ್ಲರೆ ಎಚ್‌ಪಿ.

ಸೇಡಂ ಪಂಪ್‌ಪ್ರಿಯ:
ಅವರ ಗಾಡಿಯಲ್ಲಿ ಆ ಅರವತ್ತು ಉಳಿದಿದೆಯಾ ಅಂತ ಮೊದಲು ಕಂಪ್ರೆಷನ್ (ಸಿಲಿಂಡರ್ ಒತ್ತಡ) ನೋಡಲಿ ಅಂತಿದ್ದೇನೆ. ನಿಮಗೆ ದುಡ್ಡು ಖರ್ಚಾದದ್ದೇ ಪ್ರೂಫ್ ಆಗಿಬಿಟ್ಟಿದೆ.

ಯಾದಗಿರಿ ಟರ್ಬೊ:
ನನ್ನ ಹೊಟ್ಟೆಯುರಿ ಕೇಳಿ. ಟರ್ಬೊ ಹಾಕಿಸಿದೆ. ಹೈದರಾಬಾದ್ ಸ್ಕ್ರ್ಯಾಪ್‌ನಿಂದ ಬಂದ ಹಳೇ ಟರ್ಬೊ 14,000, ಮ್ಯಾನಿಫೋಲ್ಡ್ ಕೈಯಲ್ಲಿ ಮಾಡಿಸಿದ್ದು 9,000, ಆಯಿಲ್ ಲೈನ್ ಹೋಸ್ ಎಲ್ಲ ಸೇರಿ 6,000. ಟರ್ಬೊ ಗಾಳಿ ತಂಪು ಮಾಡೋ ಇಂಟರ್‌ಕೂಲರ್ ಬೇಡ ಅಂತ ಆ ಗ್ಯಾರೇಜಿನವನೇ ಹೇಳಿದ. ಚಳಿಗಾಲದಲ್ಲಿ ಗಾಡಿ ಹಾರಿತು, ಸುಳ್ಳು ಹೇಳಲ್ಲ. ಮೇ ತಿಂಗಳಲ್ಲಿ ಶಹಾಪುರ ಕಡೆ ಲೋಡ್ ಹಾಕಿಕೊಂಡು ಹೊರಟಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ವಾಪಸ್ ಬರಲೇ ಇಲ್ಲ. ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಕ್ರ್ಯಾಕ್. ಎಕ್ಸ್‌ಡಿಪಿಯಲ್ಲಿ ಡೀಸೆಲ್ ಉರಿಯೋದು ಹೆಡ್ ಒಳಗಿನ ಪುಟ್ಟ ಚೇಂಬರ್‌ನಿಂದ ಶುರು, ಆ ಬಿಸಿಯೆಲ್ಲ ಮೊದಲು ಹೆಡ್ಡಿಗೇ. ಅದರ ಮೇಲೆ ಟರ್ಬೊ, ಅದರ ಮೇಲೆ ನಮ್ಮ ಬಿಸಿಲು. ಹೆಡ್ ಹುಡುಕೋದರಲ್ಲಿ ಸಾಕುಬೇಕಾಯ್ತು. ಸಿಕ್ಕ ಹೆಡ್ 22,000, ಫೇಸಿಂಗ್ 2,500, ಗ್ಯಾಸ್ಕೆಟ್ ಸೆಟ್ 3,800. ಅದೂ ಈಗ ನೀರು ತಿನ್ನುತ್ತಿದೆ. ರಿನ್ಯೂವಲ್‌ಗೆ ಹೋದರೆ ಬಾನೆಟ್ ಎತ್ತಿಸಿ ಟರ್ಬೊ ನೋಡಿ ‘ಇದೇನ್ರೀ ಬಸವನಹುಳ’ ಅಂದರು. ಬಿಚ್ಚಿ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದರು.

ಕೆಎ 32 ಕಾನೂನು:
ಕಳಿಸಿದ್ದು ಸರಿಯೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ದಂಡ ಬಂತು, ಆರು ತಿಂಗಳ ತನಕ ಜೈಲೂ ಇದೆ. ಎಮಿಷನ್ ಸರ್ಟಿಫಿಕೇಟ್ ಇಲ್ಲದಿದ್ದರೆ 10,000ದ ತನಕ. ಡಿಐ ಸಾಹೇಬ್ರು ಎಂಜಿನ್ ನಂಬರ್ ಆರ್‌ಸಿಗೆ ಏರಿಸಿದ್ದು ಹೇಳಲೇ ಇಲ್ಲವಲ್ಲ?

ಆಳಂದ ಡಿಐ:
ಏರಿಸಿದ್ದೇನೆ. ಮೊದಲು ಪರ್ಮಿಷನ್, ಆಮೇಲೆ ಎಂಜಿನ್. ಬಿಲ್ಲು, ಹಳೇ ಗಾಡಿ ಮಾಲೀಕರ ಪತ್ರ, ಇನ್ಶೂರೆನ್ಸ್ ಎಲ್ಲ ಇದೆ. ಇದಕ್ಕೆ ತಿಂಗಳುಗಟ್ಟಲೆ ಓಡಾಡಿದ್ದೇನೆ. ಬಿಲ್ಲಿಲ್ಲದ ಎಂಜಿನ್ ಎಷ್ಟೇ ಸಸ್ತಾ ಸಿಕ್ಕರೂ ಮುಟ್ಟಬೇಡಿ, ನಾಳೆ ಕದ್ದ ಗಾಡಿಯದು ಅಂತಾದರೆ ಯಾರು ಉತ್ತರ ಕೊಡುತ್ತಾರೆ?

ಥಾರ್ ಹುಮನಾಬಾದ್:
ಇನ್ನೂ ಹಳೇ ಪಂಪ್ ಕಾಲದಲ್ಲೇ ಇದ್ದೀರಲ್ಲ. ನನ್ನದು ಮಹೀಂದ್ರಾ ಥಾರ್ ಸಿಆರ್‌ಡಿಇ, ಕಂಪ್ಯೂಟರ್ ಹಿಡಿತದ ಡೀಸೆಲ್ ಎಂಜಿನ್, 105 ಎಚ್‌ಪಿ. ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೇ ಕಳಿಸೋ ಇಜಿಆರ್ ಬ್ಲಾಕ್ ಮಾಡಿ, ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ರೀಮ್ಯಾಪ್ ಮಾಡಿಸಿದೆ, 28,000. ಗಾಡಿ ಬೆಂಕಿ. ಎಮಿಷನ್ ಟೆಸ್ಟೂ ಪಾಸ್.

ಸೇಡಂ ಪಂಪ್‌ಪ್ರಿಯ:
ಪಾಸಾಗದೇ ಏನು? ಡೀಸೆಲ್ ಗಾಡಿಗೆ ಅಲ್ಲಿ ನೋಡೋದು ಬರೀ ಹೊಗೆಯ ದಪ್ಪ. ಇಜಿಆರ್ ಇರೋದು ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡೋದಕ್ಕೆ, ಅದನ್ನು ಆ ಮಷಿನ್ ಅಳೆಯೋದೇ ಇಲ್ಲ. ಕಣ್ಣಿಗೆ ಕಾಣಲ್ಲ ಅಂತ ಬಿಟ್ಟುಕೊಂಡು ತಿರುಗೋದು, ಅದನ್ನು ಟ್ಯೂನಿಂಗ್ ಅನ್ನೋದು.

ಥಾರ್ ಹುಮನಾಬಾದ್:
1.9 ಕೆ ಬಿಡೋರು ನನಗೆ ಪಾಠ ಹೇಳ್ತಿದ್ದಾರೆ! ನನ್ನ ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ರೂಲಿನ) ಗಾಡಿಗೆ ಲಿಮಿಟ್ಟೇ 1.62. ನಿಮ್ಮದು ಅದರಲ್ಲಿ ಫೇಲು.

ಸೇಡಂ ಪಂಪ್‌ಪ್ರಿಯ:
ನನ್ನದು ಅದು ಹುಟ್ಟಿದ ಕಾಲದ ರೂಲಿಗೆ ಪಾಸು. ನಿಮ್ಮದು ಕಂಪನಿಯವರು ಕೊಟ್ಟದ್ದನ್ನು ಮುಚ್ಚಿ ಪಾಸು.

ಜಿಪ್ಸಿ ಶೋರಾಪುರ:
ಡೀಸೆಲ್ ಜಗಳ ಸಾಕು. ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್, ಪೆಟ್ರೋಲ್, ಕಾರ್ಬುರೇಟರ್. ಲಿಮಿಟ್ ಸಿಒ (ಕಾರ್ಬನ್ ಮಾನಾಕ್ಸೈಡ್) 3 ಪರ್ಸೆಂಟ್, ಎಚ್‌ಸಿ (ಉರಿಯದೆ ಉಳಿದ ಇಂಧನ) 1500 ಪಿಪಿಎಂ. ಪೆಟ್ರೋಲ್ ಬಿಡೋ ಜೆಟ್ ದೊಡ್ಡದು ಹಾಕಿದರೆ ಪಿಕಪ್ ಬರುತ್ತದೆ ಅಂತ ಯಾರೋ ಹೇಳಿ ಹಾಕಿಸಿದರು, ಸಿಒ 5 ದಾಟಿತು, ಮೈಲೇಜ್ ಬಿತ್ತು. ಕಂಪನಿ ಜೆಟ್ಟೇ ವಾಪಸ್ ಹಾಕಿ, ಕಾರ್ಬುರೇಟರ್ ಕಿಟ್ 1,900, ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್, ವೈರ್ ಸೇರಿ 3,400. ಈಗ ಸಿಒ 1.8. ಆದರೆ ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಬಂದ ಮೇಲೆ ರಬ್ಬರ್ ಹೋಸ್ ಊದಿಕೊಂಡು ಫ್ಲೋಟ್ ಚೇಂಬರ್‌ನಲ್ಲಿ ಕರಿ ಪುಡಿ. ಇದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಥಾರ್ ಹುಮನಾಬಾದ್:
ಎಥನಾಲ್ ಬಂದರೆ ಕಬ್ಬಿಗೆ ರೇಟ್ ಬರುತ್ತದೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಕಬ್ಬು ಬೆಳೆಯೋರು ಎಷ್ಟು ಜನ ಗೊತ್ತಾ? ನಿಮ್ಮ ಒಂದು ಹೋಸಿಗೋಸ್ಕರ ಅದನ್ನು ನಿಲ್ಲಿಸಬೇಕಾ?

ಜಿಪ್ಸಿ ಶೋರಾಪುರ:
ನಾನೂ ರೈತನೇ, ಭತ್ತ. ಕಬ್ಬಿನ ದುಡ್ಡಲ್ಲಿ ನನ್ನ ಕಾರ್ಬುರೇಟರ್ ಕಿಟ್ ಕೊಡಿಸ್ತೀರಾ? ಎಥನಾಲ್ ಸೇರಿದರೆ ಮಿಕ್ಸ್ಚರ್ ತೆಳ್ಳಗಾಗುತ್ತದೆ, ಸಿಒ ಕಡಿಮೆ ತೋರಿಸುತ್ತದೆ, ಗಾಡಿ ಮಾತ್ರ ಎಳೆಯಲ್ಲ. ಟೆಸ್ಟ್ ಮಷಿನ್‌ಗೆ ಖುಷಿ, ನಮಗೆ ಗೋಳು. ಆಲ್ಕೋಹಾಲ್ ತಡೆಯೋ ಹೋಸ್ ಸಿಗುತ್ತದೆ, ಮೀಟರಿಗೆ 600 ಹೇಳ್ತಾರೆ.

ಕೆಎ 32 ಕಾನೂನು:
ರಿನ್ಯೂವಲ್ ದುಡ್ಡೂ ಲೆಕ್ಕಕ್ಕೆ ಹಿಡಿಯಿರಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು ಜೀಪಿಗೆ 5,000 ಇತ್ತು, 2025ರಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನೋ ದೆಹಲಿ ರೂಲ್ ಇಲ್ಲಿಗೂ ಬಂತು ಅಂತ ಹೆದರಿಸಿ ಗಾಡಿ ಅರ್ಧ ರೇಟಿಗೆ ಕೇಳೋರು ಬರುತ್ತಾರೆ, ಕೊಡಬೇಡಿ.

ಯಾದಗಿರಿ ಟರ್ಬೊ:
ಆಳಂದ ಡಿಐ ಅವರೇ, ನಿಮ್ಮ ಹಳೇ ಎಕ್ಸ್‌ಡಿಪಿ ಎಂಜಿನ್ ಎಲ್ಲಿದೆ? ಹೆಡ್ ಚೆನ್ನಾಗಿದ್ದರೆ ಕೊಡ್ತೀರಾ?

ಆಳಂದ ಡಿಐ:
ಶೆಡ್‌ನಲ್ಲಿದೆ. ಹೆಡ್ ಒಂದೇ ಕೊಡಲ್ಲ. ಪೂರ್ತಿ ಎಂಜಿನ್ 25,000, ಬಿಲ್ಲು ಬರೆದುಕೊಡ್ತೇನೆ.

ಯಾದಗಿರಿ ಟರ್ಬೊ:
ಈಗ ತಾನೇ ಅದರಲ್ಲಿ ಏನೂ ಇಲ್ಲ ಅಂದಿರಿ, ಅದಕ್ಕೆ 25,000ನಾ?

ಆಳಂದ ಡಿಐ:
ಪುಲ್ಲಿಂಗ್ ಇಲ್ಲ ಅಂದೆ. ಹೆಡ್ ಚೆನ್ನಾಗಿದೆ. 23,000 ಕೊಡಿ, ಟೆಂಪೊ ಬಾಡಿಗೆ ನಿಮ್ಮದು.