ಕಾಯಂ ಆಗೋವರೆಗೆ ಕಾಯಬೇಕಾ? – ಓದುಗರ ಸ್ಪಂದನ

ಬಿ.ಎ., ಬಿ.ಎಡ್. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ, ಅಂದರೆ ಆರರಿಂದ ಎಂಟನೇ ತರಗತಿಗೆ ಕಲಿಸುವವರ ಪತ್ರಿಕೆ ಪಾಸಾಗಿ, ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿರುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ವಯಸ್ಸು 31. ಹೆಣ್ಣು ನೋಡಲು ಬಂದವರೆಲ್ಲ ಕೆಲಸ ಕಾಯಂ ಆಗಿದೆಯಾ ಅನ್ನುತ್ತಾರೆ. ಅಣ್ಣ ಬೆಂಗಳೂರಿಗೆ ಬಂದು ಕಾಲ್ ಸೆಂಟರ್ ಸೇರು ಅನ್ನುತ್ತಾನೆ. ಏನು ಮಾಡಲಿ?’

*

ಅತಿಥಿ ಶಿಕ್ಷಕರ ಪಾಡು ನನಗೆ ಚೆನ್ನಾಗಿ ಗೊತ್ತು ತಂಗಿ. ಶಾಲೆ ಶುರುವಾದಾಗ ಕರೆಯುತ್ತಾರೆ, ಪರೀಕ್ಷೆ ಮುಗಿಯುತ್ತಲೇ ಮನೆಗೆ ಕಳಿಸುತ್ತಾರೆ. ನಡುವೆ ಕಾಯಂ ಮೇಷ್ಟ್ರು ವರ್ಗವಾಗಿ ಬಂದರೆ ಅವತ್ತೇ ಚೀಲ ಎತ್ತಿಕೊಳ್ಳಬೇಕು. ಗೌರವಧನವೂ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ನಮ್ಮ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ಹುಡುಗಿಯೊಬ್ಬಳು ಬಸ್ ಚಾರ್ಜಿಗೆ ಕೈಸಾಲ ಮಾಡುತ್ತಿದ್ದಳು. ಆಗಿನ್ನೂ ಶಕ್ತಿ ಯೋಜನೆ ಬಂದಿರಲಿಲ್ಲ.

ಬಿಸಿಯೂಟ ಮುಗಿದು ನಾವೆಲ್ಲ ಹರಟೆ ಹೊಡೆಯುವಾಗ ಆಕೆ ಆರನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. ಗೈಡ್ ಅಲ್ಲ, ಪಠ್ಯಪುಸ್ತಕ. ಹಾಗೇ ಹತ್ತನೇ ತರಗತಿಯವರೆಗೆ ಓದಿಕೊಂಡಳು. ಹಳೆಯ ಉತ್ತರ ಪತ್ರಿಕೆಗಳ ಖಾಲಿ ಹಾಳೆಗಳಲ್ಲಿ ಉತ್ತರ ಬರೆದು ನನ್ನ ಕೈಗೆ ಕೊಡುತ್ತಿದ್ದಳು, ತಿದ್ದಿ ಅಂತ. ಟಿಇಟಿಯಲ್ಲಿ ಬರೀ ಟಿಕ್ ಹಾಕಿ ರೂಢಿಯಾದವರು ನೇಮಕ ಪರೀಕ್ಷೆಯ ಬರವಣಿಗೆ ಭಾಗಕ್ಕೆ ಬಂದಾಗ ತಡವರಿಸುತ್ತಾರೆ. 2022ರಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಅದರಲ್ಲಿ ಆಕೆಗೆ ಕೆಲಸ ಸಿಕ್ಕಿತು. ಶಾಲೆ ಬಿಡಬೇಡಿ. ಆದರೆ ಸುಮ್ನೆ ಕಾಯುತ್ತಲೂ ಕೂರಬೇಡಿ.

– ನಿವೃತ್ತ ಮುಖ್ಯಶಿಕ್ಷಕಿ, ಹಾವೇರಿ ಜಿಲ್ಲೆ

*

ಓದು ಒಂದು ಕಡೆ, ಕಾಗದಪತ್ರ ಇನ್ನೊಂದು ಕಡೆ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ವಿಧಿಯ ಮೀಸಲಾತಿ ಪ್ರಮಾಣಪತ್ರ, ಇವನ್ನೆಲ್ಲ ಅಧಿಸೂಚನೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ. ನೀವು ಮದುವೆಯ ಮಾತು ಎತ್ತಿದ್ದಕ್ಕೆ ಹೇಳುತ್ತಿದ್ದೇನೆ: 2022ರ ನೇಮಕದಲ್ಲಿ ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲೋ ಎಂಬ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಅರ್ಜಿ ಹಾಕುವಾಗ ಅಧಿಸೂಚನೆಯಲ್ಲಿ ಇದರ ಬಗ್ಗೆ ಇರುವ ಸಾಲನ್ನು ಎರಡು ಸಲ ಓದಿ.

ಟಿಇಟಿ ಈಗ ಜೀವನಪರ್ಯಂತ ನಡೆಯುತ್ತದೆ, ಮೊದಲಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಾಲದು, ಡಿ.ಎಡ್. ಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ ತರಗತಿಗಳಿಗಿರುವ ಟಿಇಟಿಯ ಮೊದಲ ಪತ್ರಿಕೆಗೆ ಫೀಸು ಕಟ್ಟಬೇಡಿ. ಕೇಂದ್ರದ ಟಿಇಟಿಯಾದ ಸಿಟಿಇಟಿ ಬರೆಯಿರಿ, ಕೇಂದ್ರೀಯ ವಿದ್ಯಾಲಯ, ನವೋದಯದ ಅಧಿಸೂಚನೆ ಬಂದಾಗ ಬೇಕಾಗುತ್ತದೆ.

– ಬಿ.ಎಡ್. ಕಾಲೇಜು ಉಪನ್ಯಾಸಕ, ಕಲಬುರಗಿ

*

ಖಾಸಗಿ ಶಾಲೆಯ ಬಾಗಿಲನ್ನೂ ತಟ್ಟಿ ನೋಡಿ ಅಕ್ಕ. ಡೆಮೊ ಕ್ಲಾಸ್ ಕೊಡಿ ಅಂತಾರೆ. ಹಿಂದಿನ ಬೆಂಚಲ್ಲಿ ಪ್ರಿನ್ಸಿಪಾಲ್ ಕೂತಿರುತ್ತಾರೆ, ಅವರ ಕಡೆ ನೋಡಬೇಡಿ, ಮಕ್ಕಳ ಕಡೆ ನೋಡಿ. ಹನ್ನೆರಡು ತಿಂಗಳೂ ಸಂಬಳ ಕೊಡ್ತೀರಾ ಅಂತ ಮೊದಲೇ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಅದನ್ನು ವಾಪಸ್ ಪಡೆಯೋಕೆ ಒಂದು ಇಡೀ ಬೇಸಿಗೆ ಅಲೆದೆ.

– ಪ್ರೌಢಶಾಲಾ ಶಿಕ್ಷಕಿ, ಹುಬ್ಬಳ್ಳಿ

*

ಮೇಲಿನವರು ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. ನಾನೂ ಬಿ.ಎಡ್. ಮಾಡಿದವನೇ. ಪಾಠ ಬಿಟ್ಟು ಕಾಲ್ ಸೆಂಟರ್ ಸೇರಿದೆ. ಬೇಜಾರೇನಿಲ್ಲ, ಮನೆಯ ಸಾಲ ತೀರಿತು. ದುಡ್ಡಿನ ತುರ್ತು ಇದ್ದರೆ ಬನ್ನಿ, ತಪ್ಪಿಲ್ಲ. ಆದರೆ ‘ನೈಟ್ ಶಿಫ್ಟ್ ಮುಗಿಸಿ ಬಂದು ಓದ್ತೀನಿ’ ಅಂತ ಲೆಕ್ಕ ಹಾಕಿ ಬರಬೇಡಿ. ಬೆಳಿಗ್ಗೆ ಕ್ಯಾಬ್ ಇಳಿದವರು ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ. ಇನ್ನು ಆ ಗಂಡಿನ ಕಡೆಯವರು. ಹುಡುಗನ ಕೆಲಸ ಕಾಯಂ ಆಗಿದೆಯಾ ಅಂತ ನೀವೂ ಕೇಳಬಹುದು, ಅಲ್ವಾ?

– ಓದುಗ, ಬೆಂಗಳೂರು