ತೇಗದ ಹಡಗು ಕಾಸ್‌ಪ್ಯಾಟ್ರಿಕ್ ಸುಟ್ಟದ್ದು ಹೇಗೆ?

ಬಳ್ಳಾರಿಯಿಂದ ಪ್ರಶ್ನೆ:
ನಮ್ಮೂರಿನ ಹಳೇ ಮನೆಗಳಲ್ಲಿ ಬರ್ಮಾ ತೇಗದ ಕಂಬಗಳು ಇನ್ನೂ ಜಗ್ಗದೆ ನಿಂತಿವೆ. ಅದೇ ಬರ್ಮಾದ ಮೌಲ್ಮೇನ್‌ನಲ್ಲಿ 1856ರಲ್ಲಿ ತೇಗದಿಂದ ಕಟ್ಟಿದ ಕಾಸ್‌ಪ್ಯಾಟ್ರಿಕ್ ಸಮುದ್ರದ ನಡುವೆ ಸುಟ್ಟು ಹೋಯಿತಂತೆ. ಅದು ಏನೇನು ಸಾಗಿಸುತ್ತಿತ್ತು, ಬೆಂಕಿ ಹೇಗೆ ಬಿತ್ತು, ತಿಳಿದವರು ಹೇಳುತ್ತೀರಾ?

ರಾಯಚೂರಿನಿಂದ:
ಬಹಳ ದುಡಿದ ಹಡಗು ಸರ್. ಇಂಗ್ಲೆಂಡ್ ಮತ್ತು ಭಾರತದ ನಡುವೆ ಸರಕು, ಸೈನಿಕರು, ಪ್ರಯಾಣಿಕರನ್ನು ವರ್ಷಗಟ್ಟಲೆ ಸಾಗಿಸಿತು, ನಡುವೆ ಪರ್ಷಿಯನ್ ಕೊಲ್ಲಿಯಲ್ಲಿ ಟೆಲಿಗ್ರಾಫ್ ಕೇಬಲ್ ಹಾಸುವ ಕೆಲಸಕ್ಕೂ ಹೋಗಿತ್ತು. ಕೊನೆಗೆ ನ್ಯೂಜಿಲೆಂಡ್‌ಗೆ ವಲಸೆ ಹೊರಟ ಕುಟುಂಬಗಳನ್ನು ತುಂಬಿಕೊಂಡು ಹೋಗುವಾಗ, 1874ರ ನವೆಂಬರ್‌ನ ಒಂದು ರಾತ್ರಿ, ದಕ್ಷಿಣ ಆಫ್ರಿಕಾ ತುದಿಯ ಆಚೆ ಬೆಂಕಿ ಹತ್ತಿತು.

ಕೊಪ್ಪಳದಿಂದ:
ಮರ ಗಟ್ಟಿ ಇದ್ದರೆ ಸಾಲದು ಅಣ್ಣ. ಬೆಂಕಿ ಶುರುವಾಗಿದ್ದು ಮುಂದಿನ ಸಾಮಾನು ಕೋಣೆಯಲ್ಲಿ, ಅಲ್ಲಿದ್ದದ್ದೇ ಹಗ್ಗ, ಡಾಂಬರು, ಬಣ್ಣ, ಎಣ್ಣೆ. ಹಡಗಿನ ಮೂತಿ ಗಾಳಿಗೆ ಎದುರಾಗಿ ತಿರುಗಿತು, ಹೊಗೆ ಬೆಂಕಿ ಎಲ್ಲ ಹಿಂದಕ್ಕೆ ಜನರ ಮೇಲೇ ಬಂತು. ದೋಣಿಗಳು ಅರ್ಧ ಜನಕ್ಕೂ ಸಾಲುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. 470ಕ್ಕೂ ಜಾಸ್ತಿ ಜನರಲ್ಲಿ ಉಳಿದವರು 3 ಜನ!

ಬಳ್ಳಾರಿಯಿಂದ:
ಅಯ್ಯೋ, ಅವರಾದರೂ ಹೇಗೆ ಉಳಿದರು?

ರಾಯಚೂರಿನಿಂದ:
ದೋಣಿಯಲ್ಲಿ ನೀರು, ಊಟ ಏನೂ ಇಲ್ಲದೆ ತೇಲುತ್ತಿದ್ದರು. ಹತ್ತು ದಿನ ಕಳೆದ ಮೇಲೆ ಬ್ರಿಟಿಷ್ ಸೆಪ್ಟರ್ ಎಂಬ ಹಡಗು 5 ಜನರನ್ನು ಎತ್ತಿಕೊಂಡಿತು, ಅವರಲ್ಲಿ ಇಬ್ಬರು ಆಮೇಲೆ ತೀರಿಕೊಂಡರು. ಉಳಿದವರಲ್ಲಿ ಒಬ್ಬ ಹಡಗಿನ ಎರಡನೇ ಮೇಟ್ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ) ಹೆನ್ರಿ ಮ್ಯಾಕ್‌ಡೊನಾಲ್ಡ್.