ಅಡಿಕೆ ಮಂಡಿ ಪಟ್ಟಿ: ಮೊದಲ ಪುಟವೇ ಮತ್ತೆ ಮತ್ತೆ ಪ್ರಿಂಟ್ ಆಗುತ್ತಿದೆ

ತುಂಗಾತೀರ:
ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಿ ಶಾರ್ಪ್ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಬರೆಯುವ ಸಾಧನ) ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಬೆಳೆಗಾರರ ಹೆಸರು, ಊರು, ಅಡಿಕೆಯ ಬಗೆ (ರಾಶಿ, ಬೆಟ್ಟೆ, ಗೊರಬಲು, ಸರಕು), ಚೀಲ, ತೂಕ, ದರ ಇಷ್ಟು ಪಟ್ಟಿಯಲ್ಲಿ ಬರಬೇಕು. ಸೀಸನ್ನಿನಲ್ಲಿ ದಿನದ ಪಟ್ಟಿ ಒಂದು ಪುಟದಲ್ಲಿ ಹಿಡಿಯೋದಿಲ್ಲ. ಪ್ರಿಂಟ್‌ಪೇಜ್ ಈವೆಂಟ್‌ನಲ್ಲಿ (ಪ್ರಿಂಟ್ ಮಾಡುವಾಗ ಓಡುವ ಕೋಡ್) ಲೂಪ್ ಹಾಕಿ ಡ್ರಾಸ್ಟ್ರಿಂಗ್‌ನಿಂದ ಒಂದೊಂದೇ ಸಾಲು ಬರೆದರೆ ಮೊದಲ ಪುಟ ಸರಿ ಬರುತ್ತದೆ, ಉಳಿದದ್ದು ಮಾಯ. ಇನ್ನೂ ಪುಟ ಇದೆ ಅಂತ ಹೇಳುವ ಹ್ಯಾಸ್‌ಮೋರ್‌ಪೇಜಸ್ ಅನ್ನು ಟ್ರೂ ಮಾಡಿದರೆ ಅದೇ ಪುಟ ನಿಲ್ಲದೆ ಬರುತ್ತಾ ಇರುತ್ತದೆ. ಏನು ಮಾಡಲಿ?

ಸಾಗರದ ಕೋಡಿಗ:
ಆ ಈವೆಂಟ್ ಇಡೀ ಪಟ್ಟಿಗೆ ಒಂದು ಸಲ ಅಲ್ಲ, ಪುಟಕ್ಕೊಂದು ಸಲ ಓಡುತ್ತದೆ. ನಿಮ್ಮ ಲೂಪ್ ಪ್ರತಿ ಸಲ ಸೊನ್ನೆಯಿಂದ ಶುರು, ಅದಕ್ಕೇ ಅದೇ ಪುಟ. ಎಷ್ಟನೇ ಸಾಲಿಗೆ ನಿಂತಿದ್ದೇವೆ ಅನ್ನೋದನ್ನು ಲೂಪಿನ ಹೊರಗೆ, ಕ್ಲಾಸ್‌ನ ವೇರಿಯಬಲ್‌ನಲ್ಲಿ ಇಡಿ. ಸಾಲು ಬರೆಯುವ ಮೊದಲು ಅಕ್ಷರ ಹಿಡಿಯುವ ಜಾಗ ಅಳೆಯುವ ಮೆಷರ್‌ಸ್ಟ್ರಿಂಗ್‌ಗೆ ಕಾಲಂ ಅಗಲ ಕೊಟ್ಟು ಎತ್ತರ ಅಳೆಯಿರಿ, ಯಾಕೆಂದರೆ ಮಲೆನಾಡಿನಲ್ಲಿ ಮನೆ ಹೆಸರು, ಊರಿನ ಹೆಸರು ಎರಡೂ ಸೇರಿಸಿ ಬರೆಸುವವರೇ ಜಾಸ್ತಿ, ಅದು ಎರಡು ಸಾಲಿಗೆ ಮಡಚಿಕೊಂಡರೆ ಲೆಕ್ಕ ತಪ್ಪುತ್ತದೆ. ಆ ಎತ್ತರ ಸೇರಿಸಿದಾಗ ಮಾರ್ಜಿನ್‌ಬೌಂಡ್ಸ್‌ನ ಬಾಟಮ್ (ಮಾರ್ಜಿನ್ ಬಿಟ್ಟ ಜಾಗದ ಕೆಳ ಅಂಚು) ದಾಟುತ್ತದೆ ಅಂದರೆ ಹ್ಯಾಸ್‌ಮೋರ್‌ಪೇಜಸ್ ಟ್ರೂ ಮಾಡಿ ರಿಟರ್ನ್ ಆಗಿ. ಪಟ್ಟಿ ಮುಗಿದಾಗ ಫಾಲ್ಸ್. ಅಳತೆ ಇಂಚಿನ ನೂರನೇ ಒಂದು ಭಾಗದಲ್ಲಿ ಇರುತ್ತದೆ: ಎ4 ಅಂದರೆ 827 × 1169. ಪುಟಕ್ಕೆ ಇಂತಿಷ್ಟೇ ಸಾಲು ಅಂತ ಕೋಡ್‌ನಲ್ಲಿ ಬರೆದಿಡುವ ಚಟ ಮಾತ್ರ ಬೇಡ. ಫಾಂಟ್ ಬದಲಾದ ದಿನ ಕೈ ಕೊಡುತ್ತದೆ.

ಮಳೆಗಾಲ:
ಇನ್ನೊಂದಿದೆ. ಪ್ರಿವ್ಯೂ ನೋಡಿ ಅಲ್ಲಿಂದಲೇ ಪ್ರಿಂಟ್ ಒತ್ತಿದರೆ ಈವೆಂಟ್‌ಗಳು ಮೊದಲಿಂದ ಮತ್ತೆ ಓಡುತ್ತವೆ, ಆದರೆ ನಿಮ್ಮ ವೇರಿಯಬಲ್ ಪಟ್ಟಿಯ ಕೊನೆಯಲ್ಲೇ ಕೂತಿರುತ್ತದೆ. ಹೆಡಿಂಗ್ ಮಾತ್ರ ಇರುವ ಪುಟ ಬರುತ್ತದೆ. ಸಾಲಿನ ಲೆಕ್ಕ, ಪುಟದ ಲೆಕ್ಕ ಎರಡನ್ನೂ ಪ್ರಿಂಟ್ ಶುರುವಾಗುವಾಗ ಒಂದು ಸಲ ಓಡುವ ಬಿಗಿನ್‌ಪ್ರಿಂಟ್ ಈವೆಂಟ್‌ನಲ್ಲಿ ಸೊನ್ನೆ ಮಾಡಿ. ಪರೀಕ್ಷೆಗೆ ಕಾಗದ ಸುಮ್ನೆ ಹಾಳು ಮಾಡಬೇಡಿ, ವಿಂಡೋಸ್ 10ರಿಂದ ಪಿಡಿಎಫ್ ಪ್ರಿಂಟರ್ ಜೊತೆಗೇ ಬರುತ್ತದೆ, ಅದಕ್ಕೆ ಕಳಿಸಿ.

ತುಂಗಾತೀರ:
ಇಬ್ಬರಿಗೂ ಥ್ಯಾಂಕ್ಸ್, ಸಾಲುಗಳು ಸರಿಯಾಗಿ ಮುಂದಿನ ಪುಟಕ್ಕೆ ಹೋಗುತ್ತಿವೆ. ಎರಡು ಪ್ರಶ್ನೆ ಉಳಿದಿವೆ. '5ರಲ್ಲಿ 2ನೇ ಪುಟ' ಅಂತ ಹಾಕಬೇಕಂತೆ, ಒಟ್ಟು ಪುಟ ಮೊದಲೇ ಹೇಗೆ ಗೊತ್ತಾಗುತ್ತದೆ? ಮತ್ತೆ ಸಾಹುಕಾರರು ಹಳೇ ಡಾಟ್ ಮ್ಯಾಟ್ರಿಕ್ಸ್ ಬಿಡೋದಿಲ್ಲ ಅಂತಾರೆ, 12 ಇಂಚಿನ ಪುಟಗಳು ಒಂದಕ್ಕೊಂದು ಸೇರಿಕೊಂಡಿರುವ ಉದ್ದದ ಕಾಗದ. ಪುಟದಿಂದ ಪುಟಕ್ಕೆ ಹೆಡಿಂಗ್ ಸ್ವಲ್ಪ ಸ್ವಲ್ಪ ಜಾರುತ್ತಿದೆ.

ಸಾಗರದ ಕೋಡಿಗ:
ಒಟ್ಟು ಪುಟ ತಿಳಿಯೋದಕ್ಕೆ ಸುಲಭದ ದಾರಿ ಇಲ್ಲ, ಒಂದು ಸಲ ಬರೆಯದೆ ಬರೀ ಅಳೆಯುತ್ತಾ ಹೋಗಿ ಎಣಿಸಬೇಕು. ಪ್ರಿಂಟರ್‌ಸೆಟ್ಟಿಂಗ್ಸ್‌ನಲ್ಲಿ ಕ್ರಿಯೇಟ್‌ಮೆಷರ್‌ಮೆಂಟ್‌ಗ್ರಾಫಿಕ್ಸ್ ಇದೆ, ಅದು ಇದಕ್ಕೇ ಇರೋದು. ಪುಟ ಮುರಿಯುವ ಲೆಕ್ಕವನ್ನು ಬೇರೆ ಫಂಕ್ಷನ್ ಮಾಡಿ ಎರಡೂ ಕಡೆ ಅದನ್ನೇ ಕರೆಯಿರಿ, ಇಲ್ಲದಿದ್ದರೆ ಎಣಿಕೆ ಒಂದು, ಬರುವ ಪುಟ ಇನ್ನೊಂದು ಆಗುತ್ತದೆ.

ಮಳೆಗಾಲ:
ಹೆಡಿಂಗ್ ಜಾರುವುದು ನಿಮ್ಮ ಕೋಡ್ ತಪ್ಪಿರಲಿಕ್ಕಿಲ್ಲ. ಪ್ರಿಂಟರ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಕಾಗದ ಎ4 ಅಂದುಕೊಂಡಿದ್ದರೆ 11.69 ಇಂಚಿಗೇ ಪುಟ ಮುಗಿಸುತ್ತದೆ, ಕಾಗದ 12 ಇಂಚು, ಪ್ರತಿ ಪುಟಕ್ಕೂ ಅಷ್ಟಷ್ಟು ವ್ಯತ್ಯಾಸ ಸೇರುತ್ತಾ ಹೋಗುತ್ತದೆ ಅಲ್ವಾ. ವಿಂಡೋಸ್‌ನ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ 12 ಇಂಚಿನ ಹೊಸ ಫಾರ್ಮ್ (ಕಾಗದದ ಅಳತೆ) ಮಾಡಿ, ಪ್ರಿಂಟರ್‌ಗೆ ಅದನ್ನೇ ಡೀಫಾಲ್ಟ್ ಇಡಿ. ಕೋಡ್‌ನಲ್ಲೂ ಪೇಪರ್‌ಸೈಜ್‌ಗೆ ಆ ಫಾರ್ಮನ್ನೇ ಆರಿಸಿ, ಎತ್ತರ 1200 ಅಂತ ತೋರಿಸಬೇಕು.